ಹುಳಕ್ಕೆ ಜ್ವರ ಬಂದಾಗ

ಕಳೆದ ಮಳೆಗಾಲದಲ್ಲಿ ನಾನು ಒಂದು ಸೂರ್ಯನ ಕುದುರೆಯನ್ನು ಸಾಕಿದ್ದೆ. ಮುಂಗಾಲು ಎರಡನ್ನೂ ಮಡಚಿಕೊಂಡು, ದುಆ ಕೇಳುವವರ ಹಾಗೆ ಕೂರುವ ಹಸಿರು ಕೀಟ. ಮುಂಡರಗಿ ರಸ್ತೆಯ ಒಂದು ಹೊಲದ ಬದುವಿನಲ್ಲಿ ಸಿಕ್ಕಿತ್ತು. ಉಪ್ಪಿನಕಾಯಿ ಬಾಟಲಿ, ಮುಚ್ಚಳಕ್ಕೆ ನಾಲ್ಕು ತೂತು, ದಿನಕ್ಕೊಂದು ಸಣ್ಣ ಮಿಡತೆ. ಸ್ವಲ್ಪ ದಿನ ಚೆನ್ನಾಗಿಯೇ ಇತ್ತು. ಒಂದು ದಿನ ತಿನ್ನುವುದನ್ನು ಬಿಟ್ಟಿತು. ಹಸಿವಿನಿಂದ ಸಾಯುತ್ತದೆಂದು ಹೆದರಿ ಒಂದರ ಬದಲು ಮೂರು ಮಿಡತೆ ಹಾಕಿದೆ. ಎರಡು ದಿನ ಬಿಟ್ಟು ಬೆಳಿಗ್ಗೆ ನೋಡಿದರೆ ಬಾಟಲಿಯ ತಳದಲ್ಲಿ ಬಿದ್ದಿತ್ತು. ಅರ್ಧ ಮೈ ಹಳೆಯ ಚರ್ಮದ ಒಳಗೆ, ಅರ್ಧ ಹೊರಗೆ. ಸತ್ತಿತ್ತು.

ನನ್ನ ಮಾಮು ಶಿರಹಟ್ಟಿ ಕಡೆ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಾರೆ. ಅವರಿಗೆ ಹೇಳಿದೆ. "ಅದಕ್ಕೆ ಜ್ವರ ಬಂದಿತ್ತು, ನೀನು ಊಟ ಹಾಕಿದಿ" ಅಂದರು. ರೇಷ್ಮೆಯವರ ಮಾತಿನಲ್ಲಿ ಹುಳು ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಮನೆಯಲ್ಲಿ ನಾವೆಲ್ಲ ಉರ್ದು ಮಾತಾಡುವವರು, ಆದರೆ ಮಾಮು ಹುಳದ ವಿಷಯದಲ್ಲಿ ಬುಖಾರ್ ಎಂದದ್ದನ್ನು ನಾನು ಕೇಳಿಲ್ಲ, ಜ್ವರ ಎಂದೇ ಹೇಳುತ್ತಾರೆ. ಇದು ಕಾಯಿಲೆ ಅಲ್ಲ. ಕೀಟದ ಹೊರಚರ್ಮ ನಮ್ಮ ಚರ್ಮದ ಹಾಗೆ ಹಿಗ್ಗುವುದಿಲ್ಲ. ಮೈ ಬೆಳೆದಾಗ ಒಳಗೆ ಹೊಸ ಚರ್ಮ ತಯಾರಾಗಿ, ಹಳೆಯದು ಸಡಿಲವಾಗಿ, ಒಡೆದು ಕಳಚಬೇಕು. ರೇಷ್ಮೆ ಹುಳುವಿಗೆ ಇಂಥ ಜ್ವರ ನಾಲ್ಕು ಸಲ.

ದಸರಾ ರಜೆಯಲ್ಲಿ ನಾಲ್ಕನೇ ಜ್ವರದ ಹೊತ್ತಿಗೆ ನಾನು ಅವರ ಹುಳು ಮನೆಯಲ್ಲಿದ್ದೆ. ಜ್ವರಕ್ಕೆ ಹೋಗುವ ಹುಳುವನ್ನು ಗುರುತಿಸುವುದು ಹೇಗೆಂದು ಮಾಮು ತೋರಿಸಿದರು. ಸೊಪ್ಪು ತಿನ್ನುವ ಸಪ್ಪಳ ಮೊದಲು ಕಡಿಮೆಯಾಗುತ್ತದೆ. ತುಂಬಿದ ಹುಳು ಮನೆಯಲ್ಲಿ ಅದು ತಗಡಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಕೇಳುತ್ತದೆ, ನಿಂತಾಗ ಗೊತ್ತಾಗದೆ ಇರುವುದಿಲ್ಲ. ಮೈ ಉಬ್ಬಿ, ಚರ್ಮ ಬಿಗಿದು ಹೊಳೆಯುತ್ತದೆ. ಮೈಗೆ ಹೋಲಿಸಿದರೆ ತಲೆ ತೀರಾ ಚಿಕ್ಕದಾಗಿ ಕಾಣುತ್ತದೆ. ಕಾರಣ, ಆ ತಲೆ ಹಳೆಯದು. ಅದರ ಹಿಂದೆ ಕುತ್ತಿಗೆಯ ಹತ್ತಿರ ತ್ರಿಕೋನದಂಥ ಒಂದು ಗುರುತು ಮೂಡುತ್ತದೆ, ಹೊಸ ತಲೆ ಅಲ್ಲಿ ತಯಾರಾಗುತ್ತಿರುತ್ತದೆ. ನನಗೆ ಇದನ್ನು ಕಾಣಲು ಅರ್ಧ ಗಂಟೆ ಬೇಕಾಯಿತು, ಒಮ್ಮೆ ಕಂಡ ಮೇಲೆ ಎಲ್ಲ ಹುಳದಲ್ಲೂ ಅದೇ ಕಾಣತೊಡಗಿತು. ಕೊನೆಗೆ ಹುಳು ತಲೆ ಎತ್ತಿ ಅಲುಗಾಡದೆ ನಿಲ್ಲುತ್ತದೆ. ಹೀಗೆ ಒಂದು ದಿನ, ನಾಲ್ಕನೇ ಜ್ವರದಲ್ಲಿ ಇನ್ನೂ ಸ್ವಲ್ಪ ಹೆಚ್ಚು.

ಆಗ ಕೈ ಹಚ್ಚಬಾರದು. ಹುಳು ಸಣ್ಣ ರೇಷ್ಮೆ ಎಳೆಯಿಂದ ತನ್ನ ಕಾಲುಗಳನ್ನು ಹಾಸಿಗೆಗೆ ಅಂಟಿಸಿಕೊಂಡಿರುತ್ತದೆ. ಹಳೆಯ ಚರ್ಮ ಅಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಮಾತ್ರ ಹುಳು ಅದರೊಳಗಿಂದ ಮುಂದಕ್ಕೆ ಸರಿದು ಹೊರಬರಬಲ್ಲದು. ಎತ್ತಿಟ್ಟರೆ ಹಿಡಿತ ತಪ್ಪುತ್ತದೆ.

ಬಹುತೇಕ ಹುಳು ಜ್ವರಕ್ಕೆ ಕೂತ ಮೇಲೆ ಮಾಮು ಸೊಪ್ಪು ನಿಲ್ಲಿಸಿ, ಹಾಸಿಗೆ ಒಣಗಲೆಂದು ಸುಣ್ಣದ ಪುಡಿ ಉದುರಿಸಿದರು, ಕಿಟಕಿ ತೆರೆದಿಟ್ಟರು. ನೂರಕ್ಕೆ ತೊಂಬತ್ತೈದು ಹುಳು ಎದ್ದ ಮೇಲೆಯೇ ಮತ್ತೆ ಸೊಪ್ಪು. ಮೊದಲು ಎದ್ದವು ಹಸಿದು ತಲೆ ಆಡಿಸುತ್ತಿದ್ದರೂ ಹಾಕಲಿಲ್ಲ. ನನಗೆ ಅದು ನಿರ್ದಯ ಅನಿಸಿತು. ಲೆಕ್ಕ ಕೇಳಿದ ಮೇಲೆ ಅರ್ಥವಾಯಿತು. ನೂರು ಮೊಟ್ಟೆ ಸಾಕಿದರೆ ಸುಮಾರು 40,000 ಹುಳು. ಹುಳು ಜೀವನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ನಾಲ್ಕನೇ ಜ್ವರ ಎದ್ದ ಮೇಲಿನದು. ಆಗ ಮೊದಲು ಎದ್ದವಕ್ಕೆ ಸೊಪ್ಪು ಹಾಕಿದರೆ ಹುಳು ಹಿಂದೆ ಮುಂದೆ ಆಗುತ್ತವೆ, ಮಲಗಿದವು ಒದ್ದೆ ಸೊಪ್ಪಿನ ಕೆಳಗೆ ಸಿಗುತ್ತವೆ. ಮುಂದೆ ಒಂದು ಪಾಲು ಹಣ್ಣಾಗಿ ಚಂದ್ರಿಕೆಗೆ ಏರಿದರೂ ಇನ್ನೊಂದು ಪಾಲು ಸೊಪ್ಪು ಕೇಳುತ್ತಿರುತ್ತದೆ. ಸೊಪ್ಪಿನ ಖರ್ಚು, ಆಳಿನ ಕೂಲಿ ಎರಡೂ ಏರುತ್ತವೆ, ಗೂಡು ಒಂದೇ ಗುಣದ್ದಾಗಿ ಬರುವುದಿಲ್ಲ. ರಾಮನಗರದ ಹರಾಜಿನಲ್ಲಿ ರೀಲರುಗಳು ಗೂಡಿನಲ್ಲಿ ಕೈಯಾಡಿಸಿ ನೋಡಿಯೇ ಬೆಲೆ ಕಟ್ಟುವುದು. ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ಊಟ ಹಾಕಿದ್ದರಿಂದ ಆದ ನಷ್ಟಕ್ಕೆ ಯಾವ ಖಾತೆಯೂ ಇಲ್ಲ.

ಈ ಜ್ವರವನ್ನು ನಡೆಸುವುದು ಎಕ್ಡೈಸೋನ್ ಎಂಬ ಹಾರ್ಮೋನು. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಅದನ್ನು ಮೊದಲ ಬಾರಿಗೆ ಶುದ್ಧವಾಗಿ ಬೇರ್ಪಡಿಸಿದ್ದು ರೇಷ್ಮೆ ಹುಳದ ಕೋಶಗಳಿಂದಲೇ. 500 ಕೆಜಿ ಕೋಶದಿಂದ ಸಿಕ್ಕಿದ್ದು 25 ಮಿಲಿಗ್ರಾಂ. ಸೂರ್ಯನ ಕುದುರೆ ಪೊರೆ ಬಿಡುವುದೂ ಇದೇ ಬಗೆಯ ಹಾರ್ಮೋನಿನಿಂದ. ಹಾಗಾಗಿ ಮಾಮು ಹೇಳಿದ್ದು ಬರೀ ಹೋಲಿಕೆ ಆಗಿರಲಿಲ್ಲ.

ನನ್ನ ಬಾಟಲಿಯಲ್ಲಿ ಕಂಡ ಗುರುತುಗಳು ಈಗ ಒಂದೊಂದಾಗಿ ನೆನಪಾಗುತ್ತವೆ. ಅದು ತಿನ್ನುವುದನ್ನು ಬಿಟ್ಟಿತ್ತು, ಆದರೆ ಹೊಟ್ಟೆ ಒಳಗೆ ಹೋಗಿರಲಿಲ್ಲ, ಉಬ್ಬಿತ್ತು. ಹಸಿದಿದ್ದರೆ ಹೊಟ್ಟೆ ಚಪ್ಪಟೆ ಆಗಬೇಕಿತ್ತು. ಮಿಡತೆ ಹತ್ತಿರ ಬಂದರೆ ಹಿಡಿಯುವ ಬದಲು ಹಿಂದೆ ಸರಿಯುತ್ತಿತ್ತು. ಮುಚ್ಚಳಕ್ಕೆ ತಲೆಕೆಳಗಾಗಿ ನೇತಾಡುತ್ತಿತ್ತು. ರೇಷ್ಮೆ ಹುಳುವಿಗೆ ಎಳೆ ಹೇಗೋ ಇದಕ್ಕೆ ಕಾಲಿನ ಉಗುರು ಹಾಗೆ: ಹಳೆಯ ಚರ್ಮದ ಉಗುರು ಮೇಲೆ ಹಿಡಿದಿರುತ್ತದೆ, ಹೊಸ ಮೈ ಕೆಳಕ್ಕೆ ಜಾರಿ ಬರುತ್ತದೆ. ಅದಕ್ಕೆ ಹಿಡಿಯಲು ಒರಟು ಜಾಗ ಬೇಕು, ಕೆಳಗೆ ಅದರ ಉದ್ದದ ಎರಡು ಪಟ್ಟಾದರೂ ಖಾಲಿ ಜಾಗ ಬೇಕು, ಗಾಳಿ ತೀರಾ ಒಣಗಿರಬಾರದು. ನಾನು ಕೊಟ್ಟದ್ದು ನುಣುಪು ಮುಚ್ಚಳ ಮತ್ತು ಜಿಗಿದಾಡುವ ಮೂರು ಮಿಡತೆ.

ಈಗಿನದನ್ನು ಸೊಳ್ಳೆ ಪರದೆಯ ಬಟ್ಟೆ ಹೊಲಿದ ಎತ್ತರದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಸೋಮವಾರದಿಂದ ತಿಂದಿಲ್ಲ, ಮೇಲೆ ನೇತಾಡುತ್ತಿದೆ. ಬೆನ್ನ ಮೇಲಿನ ರೆಕ್ಕೆಯ ಮೊಗ್ಗು ದಪ್ಪಗಾಗಿವೆ, ಅಂದರೆ ಇದು ಕೊನೆಯ ಪೊರೆ, ಇದಾದ ಮೇಲೆ ರೆಕ್ಕೆ ಬರುತ್ತದೆ. ಉಳಿದ ಮಿಡತೆಗಳನ್ನು ಹೊರಗೆ ಬಿಟ್ಟೆ. ಪರದೆಯ ಒಂದು ಮೂಲೆಗೆ ಸಂಜೆ ಸ್ವಲ್ಪ ನೀರು ಚಿಮುಕಿಸುತ್ತೇನೆ, ಅಷ್ಟೆ. ಪೊರೆ ಬಿಟ್ಟ ಮೇಲೂ ಮೈ ಗಟ್ಟಿಯಾಗಲು ಒಂದೆರಡು ದಿನ ಏನೂ ಹಾಕುವಂತಿಲ್ಲ. ಅಮ್ಮಿ ದಿನಾ ಕೇಳುತ್ತಾರೆ, ಅದಕ್ಕೆ ತಿನ್ನಲು ಏನೂ ಕೊಡುವುದಿಲ್ಲವಾ ಎಂದು. ಜ್ವರ ಬಂದಿದೆ ಅಮ್ಮಿ, ಎನ್ನುತ್ತೇನೆ.