ವೀರಗಲ್ಲಿನಿಂದ ಮೊಬೈಲ್ ಪರದೆಗೆ: ಹಿಂಸಾದೃಶ್ಯಗಳ ಮುಕ್ತ ಲಭ್ಯತೆ ಕುರಿತು ಕೆಲವು ವಿಚಾರಗಳು

ಅಪರಾಧ ಕೃತ್ಯಗಳ ಭೀಕರ ಛಾಯಾಚಿತ್ರಗಳು ಹಾಗೂ ದೃಶ್ಯಗಳು ಅಂತರ್ಜಾಲದಲ್ಲಿ ಯಾವ ನಿರ್ಬಂಧವೂ ಇಲ್ಲದೆ ಎಲ್ಲರಿಗೂ ದೊರೆಯಬೇಕೆ ಎಂಬ ಪ್ರಶ್ನೆಯನ್ನು ನಾವು ಕಾನೂನು ಹಾಗೂ ಪತ್ರಿಕೋದ್ಯಮ ವಿಭಾಗಗಳಿಗೆ ಬಿಟ್ಟುಕೊಟ್ಟಿದ್ದೇವೆ. ಕನ್ನಡ ಅಧ್ಯಯನಕ್ಕೆ ಇದು ಹೊರಗಿನ ವಿಷಯವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಕಾದಿ ಸತ್ತವನ ಚಿತ್ರವನ್ನು ಕಲ್ಲಿನಲ್ಲಿ ಕಡೆದು ಊರ ಅಗಸಿಯಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಮುಂದೆ ನಿಲ್ಲಿಸಿದ ಸಾವಿರ ವರ್ಷಕ್ಕೂ ಮೀರಿದ ಪರಂಪರೆಯನ್ನು ಪಾಠ ಹೇಳುವವರು ನಾವೇ. ಹಿಂಸೆಯ ಚಿತ್ರವು ಯಾವಾಗ ಸಾರ್ವಜನಿಕವಾಗುತ್ತದೆ, ಯಾರ ಹೆಸರಿನಲ್ಲಿ ಆಗುತ್ತದೆ, ನೋಡುವವನ ಮೇಲೆ ಯಾವ ಹೊಣೆಯನ್ನು ಹೊರಿಸುತ್ತದೆ ಎಂಬುದರ ಬಗ್ಗೆ ಕನ್ನಡದ ಶಾಸನ, ಕಾವ್ಯ, ಜಾನಪದಗಳು ಏನು ಹೇಳುತ್ತವೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಈ ಪರಿಶೀಲನೆಗೆ ಕಾರಣವಾದದ್ದು ತರಗತಿಯ ಒಂದು ಪ್ರಶ್ನೆ. 2024ರ ಸೆಪ್ಟೆಂಬರ್ ತಿಂಗಳಿನಲ್ಲಿ ದೇವದುರ್ಗದ ಪದವಿ ವಿದ್ಯಾರ್ಥಿಗಳಿಗೆ ವೀರಗಲ್ಲುಗಳ ಪಾಠ ನಡೆದಿತ್ತು. ಅದೇ ದಿನಗಳಲ್ಲಿ, ಜೂನ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಲೆಯಾದ ಚಿತ್ರದುರ್ಗದ ಯುವಕನು ಸಾಯುವ ಮುನ್ನ ಅಂಗಲಾಚುತ್ತಿರುವ ಚಿತ್ರಗಳು ನಾಡಿನಾದ್ಯಂತ ಹರಿದಾಡುತ್ತಿದ್ದವು. ಹಿಂದಿನ ಸಾಲಿನ ವಿದ್ಯಾರ್ಥಿಯೊಬ್ಬ ಎದ್ದು ನಿಂತು ಕೇಳಿದ: “ಸರ, ಸತ್ತವನ ಚಿತ್ರಾನ ಊರ ಅಗಸಿ ಮುಂದ ನಿಲ್ಲಿಸಬಹುದಂದ್ರ, ಇದು ಮೊಬೈಲ್‌ನ್ಯಾಗ ಯಾಕ ಇರಬಾರದ್ರಿ?” ತರಗತಿ ನಕ್ಕಿತು. ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ಅಂದು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ.

ರಾಯಚೂರು ಸೀಮೆಯವರಿಗೆ ಈ ಪ್ರಶ್ನೆ ಕೇವಲ ತಾತ್ವಿಕವಾದುದಲ್ಲ. 2019ರ ಏಪ್ರಿಲ್‌ನಲ್ಲಿ ರಾಯಚೂರು ನಗರದಲ್ಲಿ ವಿದ್ಯಾರ್ಥಿನಿಯೊಬ್ಬಳ ಶವ ಪತ್ತೆಯಾದಾಗ ಆಕೆಯ ಹೆಸರು, ಚಿತ್ರಗಳು ಸಾಮಾಜಿಕ ಜಾಲತಾಣಗಳ ಮೂಲಕ ರಾಜ್ಯದ ಗಡಿ ದಾಟಿ ಹರಡಿದವು. ನ್ಯಾಯ ಬೇಕೆಂಬ ಕೂಗು ರಾಯಚೂರಿನ ಬೀದಿಗಳಿಂದ ಬೇರೆ ನಗರಗಳಿಗೂ ಹಬ್ಬಿ, ತನಿಖೆಯನ್ನು ಸಿಐಡಿಗೆ ವಹಿಸಲಾಯಿತು. ಜಾಲತಾಣಗಳ ಒತ್ತಡವಿಲ್ಲದಿದ್ದರೆ ದೂರದ ಜಿಲ್ಲೆಯ ಸಾಮಾನ್ಯ ಕುಟುಂಬದ ದುಃಖಕ್ಕೆ ಇಷ್ಟು ಬೇಗ ಕಿವಿಗೊಡುವವರು ಇರುತ್ತಿರಲಿಲ್ಲವೆಂದು ವಾದಿಸುವವರು ಇಂದಿಗೂ ಇದ್ದಾರೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಅದೇ ವೇಳೆ, ಆ ತರುಣಿಯ ಗುರುತನ್ನು ಮತ್ತೆಂದೂ ಹಿಂದಕ್ಕೆ ಪಡೆಯಲಾಗದಂತೆ ಲೋಕಕ್ಕೆ ಕೊಟ್ಟಾಯಿತು ಎಂಬುದೂ ಅಷ್ಟೇ ನಿಜ.

ಈಗ ಕಲ್ಲಿನ ಕಡೆಗೆ ಬರೋಣ. ವೀರಗಲ್ಲು ಸಾವಿನ ಚಿತ್ರವೆಂಬುದು ಸರಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ದೇವರ ಸನ್ನಿಧಿ. ಬಾಣ ನಾಟಿದ ದೇಹ, ನೆಲಕ್ಕುರುಳಿದ ಶವ ಇವೆಲ್ಲ ಅಲ್ಲಿ ಉಂಟು. ಆದರೆ ಶಾಸನ ಸಹಿತವಾದ ಕಲ್ಲು ಚಿತ್ರವನ್ನು ಎಂದೂ ಒಂಟಿಯಾಗಿ ಬಿಡುವುದಿಲ್ಲ. ಸತ್ತವನು ಯಾರು, ಯಾರ ಮಗ, ಯಾವ ತುರುಗೊಳಲ್ಲಿ ಅಥವಾ ಊರಳಿವಿನಲ್ಲಿ ಸತ್ತ, ಕಲ್ಲನ್ನು ನಿಲ್ಲಿಸಿದವರು ಯಾರು ಎಂಬ ವಿವರಗಳು ಅಕ್ಷರದಲ್ಲಿರುತ್ತವೆ. ಎಲ್ಲಕ್ಕಿಂತ ಮಹತ್ವದ ಸಂಗತಿಯೆಂದರೆ ನೆತ್ತರುಗೊಡಗೆ. ಸತ್ತವನ ಕುಟುಂಬಕ್ಕೆ ಬಿಟ್ಟ ಭೂಮಿಯ ದಾಖಲೆಯೂ ಎಷ್ಟೋ ಸಂದರ್ಭಗಳಲ್ಲಿ ಅದೇ ಕಲ್ಲಿನಲ್ಲಿದೆ. ಆತಕೂರಿನ 949-50ರ ಶಾಸನವನ್ನು ಇಲ್ಲಿ ನೆನೆಯಬಹುದು. ಮಣಲೆರನು ಬೂತುಗನಿಂದ ಕೇಳಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಸೆಣಸಿ ಸತ್ತಿತು. ಅದಕ್ಕೂ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪದ ಎಚ್ಚರಿಕೆಯನ್ನೂ ಬರೆಯಲಾಯಿತು. ನಾಯಿಯ ಸಾವಿನ ಚಿತ್ರಕ್ಕೂ ಅದನ್ನು ನೋಡಿಕೊಳ್ಳುವ ಹೊಣೆಗಾರನೊಬ್ಬನಿದ್ದನೆಂಬುದು ಗಮನಾರ್ಹ. ಮೊಬೈಲ್ ಪರದೆಯ ಚಿತ್ರಕ್ಕೆ ಇಂಥ ಗೊರವನಿಲ್ಲ. ಅದನ್ನು ತೆಗೆದವನು ಯಾರು, ಮೊದಲು ಹರಿಯಬಿಟ್ಟವನು ಯಾರು ಎಂಬುದು ನೋಡುವವನಿಗೆ ತಿಳಿಯದು. ತಿಳಿಯಬೇಕೆಂಬ ಅಗತ್ಯವೂ ಅವನಿಗೆ ಕಾಣದು.

ಹೀಗೆಂದು ಕಲ್ಲನ್ನು ನಿರ್ದೋಷಿ ಎನ್ನಲಾಗದು. ಒಡೆಯನಿಗಾಗಿ ಸತ್ತ ಆಳಿನ ಸಾವು ವೀರಗಲ್ಲಿನಲ್ಲಿ ಸ್ವರ್ಗಪ್ರಾಪ್ತಿಯಾಗುತ್ತದೆ. ಅವನು ಏಕೆ ಸಾಯಬೇಕಾಗಿತ್ತು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಮಾಸ್ತಿಕಲ್ಲಿನ ವಿಷಯವಂತೂ ಇನ್ನೂ ಕಠೋರ. ಬಳೆ ತೊಟ್ಟ ತೋಳು ಮೇಲೆದ್ದಿದೆ, ಉರಿಯ ಸಂಕಟ ಎಲ್ಲಿಯೂ ಇಲ್ಲ. ಸತಿ ಪದ್ಧತಿಯ ವೈಭವೀಕರಣವನ್ನೂ ಅಪರಾಧವೆಂದು 1987ರ ಕಾಯಿದೆ ಘೋಷಿಸಿದ್ದು ಇಂಥ ಚಿತ್ರಗಳ ಶಕ್ತಿಯನ್ನು ಅರಿತೇ ಎನ್ನಬೇಕು. ಆದ್ದರಿಂದ ಪರಂಪರೆಯಲ್ಲಿ ಇತ್ತು ಎಂಬ ಕಾರಣಕ್ಕೆ ಹಿಂಸೆಯ ಪ್ರದರ್ಶನ ಸಮರ್ಥನೀಯವಾಗುವುದಿಲ್ಲ. ಚಿತ್ರಕ್ಕೆ ಹೊಣೆ ಇರಬೇಕೆಂಬ ಅಂಶವೊಂದನ್ನು ಮಾತ್ರ ಕಲ್ಲಿನಿಂದ ಪಡೆಯಬಹುದು.

‘ಅದು ಬರೀ ಚಿತ್ರ, ನೋಡಿದರೆ ಯಾರಿಗೇನು ನಷ್ಟ’ ಎಂಬ ಮಾತನ್ನು ನಾವು ಪದೇಪದೇ ಕೇಳುತ್ತೇವೆ. ಜನ್ನನ ‘ಯಶೋಧರ ಚರಿತೆ’ (1209) ಈ ಮಾತಿಗೇ ಕೊಟ್ಟ ಉತ್ತರದಂತಿದೆ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಯಶೋಧರನು ಜೀವಂತ ಪ್ರಾಣಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಕೊಂದದ್ದು ಪ್ರತಿಮೆಯನ್ನು, ಜೀವವನ್ನಲ್ಲ. ಆದರೂ ಆ ಹಿಟ್ಟಿನ ಕೋಳಿ ಕೂಗುತ್ತದೆ. ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾರೆ. ಸಂಕಲ್ಪಹಿಂಸೆಯ ಈ ತತ್ತ್ವವನ್ನು ಜೈನ ಕರ್ಮಸಿದ್ಧಾಂತದ ಚೌಕಟ್ಟಿನೊಳಗೆ ವಿವರಿಸಿ ಮುಗಿಸುವುದು ನಮ್ಮ ರೂಢಿ. ಅದರಾಚೆಗೂ ಅದಕ್ಕೆ ಅರ್ಥವಿದೆ. ಪ್ರತಿಮೆಯೊಡನೆ ನಾವು ನಡೆದುಕೊಳ್ಳುವ ರೀತಿಯೂ ಕ್ರಿಯೆಯೇ ಎಂಬುದು ಜನ್ನನ ನಿಲುವು. ಕೊಲೆಯ ದೃಶ್ಯವನ್ನು ಹಾಸ್ಯದ ಸಾಲಿನೊಂದಿಗೆ ಮುಂದಕ್ಕೆ ಕಳುಹಿಸುವವನು ಕೊಂದವನಲ್ಲ, ನಿಜ. ಆದರೆ ಕತ್ತಿಯ ಹಿಡಿಯನ್ನು ಅವನೂ ಒಮ್ಮೆ ಮುಟ್ಟಿದ್ದಾನೆ.

ಬೀಭತ್ಸವೂ ಒಂದು ರಸವಲ್ಲವೇ, ಹಾಗಾದರೆ ನೋಡಿದರೆ ತಪ್ಪೇನು ಎಂಬ ಆಕ್ಷೇಪ ನಮ್ಮ ವಿಭಾಗಗಳಲ್ಲಿಯೇ ಏಳಬಹುದು. ರಸಾನುಭವಕ್ಕೆ ಸಾಧಾರಣೀಕರಣ ಅಗತ್ಯವೆಂಬುದು ಭಟ್ಟನಾಯಕನ ಮತ. ವ್ಯಕ್ತಿವಿಶಿಷ್ಟತೆ ಕಳಚಿದಾಗ ಮಾತ್ರ ಜುಗುಪ್ಸೆ ರಸವಾಗಬಲ್ಲದು. ನಿಜವಾದ ಶವದ ಛಾಯಾಚಿತ್ರದಲ್ಲಿ ಆ ಕಳಚುವಿಕೆ ಸಾಧ್ಯವಿಲ್ಲ; ಅದು ಇಂಥವರ ಮಗಳ, ಇಂಥ ಓಣಿಯ ಹುಡುಗನ ದೇಹವೇ ಆಗಿ ಉಳಿಯುತ್ತದೆ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ರಣರಂಗದ ಹೆಣಗಳ ನಡುವೆ ನಡೆಯುವ ಭಾಗವನ್ನು ನಾವು ಎಷ್ಟೋ ವರ್ಷ ಪಾಠ ಮಾಡಿದ್ದೇವೆ. ದ್ರೋಣ, ದುಶ್ಶಾಸನ, ಕರ್ಣರ ದೇಹಗಳ ಮುಂದೆ ಅವನು ನಿಂತು ಅಳುತ್ತಾನೆ, ಶತ್ರುಪಕ್ಷದ ಅಭಿಮನ್ಯುವನ್ನು ಕಂಡು ಮೆಚ್ಚುತ್ತಾನೆ. ಅಲ್ಲಿ ನೋಡುವವನೇ ಆ ಸಾವುಗಳಿಗೆ ಕಾರಣನಾದವನು; ನೋಟ ಅವನನ್ನು ಬಿಚ್ಚಿಡುತ್ತದೆ. ಪರದೆಯ ಮುಂದಿನ ನೋಟಕ್ಕೆ ಅಂಥ ಅಪಾಯವೇನೂ ಇಲ್ಲ.

ಜನಪದರು ಈ ಸಮಸ್ಯೆಯನ್ನು ಬೇರೆ ಬಗೆಯಲ್ಲಿ ಬಿಡಿಸಿಕೊಂಡಿದ್ದಾರೆ. ರಾಯಚೂರು ಜಿಲ್ಲೆಯಲ್ಲಿ ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಕರ್ಬಲಾದ ಹತ್ಯೆಯ ಕಥೆಯನ್ನು ರಿವಾಯತ್ ಪದಗಳಲ್ಲಿ ಕನ್ನಡದಲ್ಲಿಯೇ ಹಾಡುತ್ತಾರೆ. ಹಾಡುವವರಲ್ಲಿ ಹಿಂದೂಗಳೇ ಹೆಚ್ಚಿರುವ ಊರುಗಳುಂಟು. ಎದುರಿಗೆ ಇರುವುದು ಪಂಜಾ ಮಾತ್ರ. ಹತ್ಯೆಯ ಚಿತ್ರವಿಲ್ಲದೆಯೂ ನೆತ್ತರಿನ ನೆನಪು ಶತಮಾನಗಳ ಕಾಲ ಉಳಿದು ಬಂದಿದೆ. ಬೈಲಹೊಂಗಲದ ನೈಜ ಕೊಲೆಯನ್ನು ಆಧರಿಸಿದ ‘ಸಂಗ್ಯಾ ಬಾಳ್ಯಾ’ ಸಣ್ಣಾಟದಲ್ಲಿಯೂ ಜನರ ಮನಸ್ಸಿನಲ್ಲಿ ನಿಲ್ಲುವುದು ಇರಿತವಲ್ಲ, ಗೆಳೆಯನ ದ್ರೋಹ. ನೆನಪಿಟ್ಟುಕೊಳ್ಳಲು ಗಾಯವನ್ನೇ ನೋಡಬೇಕೆಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಆದರೆ ಇದಕ್ಕೆ ಪ್ರತಿಯಾದ ಗಟ್ಟಿಯಾದ ವಾದವೊಂದಿದೆ. ಮುಚ್ಚಿಡುವುದರಿಂದ ಯಾರಿಗೆ ಲಾಭ? 2006ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಖೈರ್ಲಾಂಜಿಯಲ್ಲಿ ದಲಿತ ಕುಟುಂಬದ ನಾಲ್ವರ ಹತ್ಯೆ ನಡೆದಾಗ ಮುಖ್ಯವಾಹಿನಿಯ ಪತ್ರಿಕೆಗಳು ಮೊದಲು ಮೌನವಾಗಿದ್ದವು. ಕಾರ್ಯಕರ್ತರು ಕೈಯಿಂದ ಕೈಗೆ ದಾಟಿಸಿದ ಶವಗಳ ಚಿತ್ರಗಳು ಆ ಮೌನವನ್ನು ಮುರಿದವು. 2000ದ ಮಾರ್ಚ್ 11ರಂದು ನಮ್ಮದೇ ನಾಡಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದ ಪ್ರಕರಣದಲ್ಲಿ ಸಾಕ್ಷಿಗಳು ತಿರುಗಿಬಿದ್ದು ಆರೋಪಿಗಳೆಲ್ಲ ಬಿಡುಗಡೆಯಾದರು. ಬಾಯಿ ಕಟ್ಟಿದ ಊರಿನಲ್ಲಿ ಚಿತ್ರವೇ ಮಾತಾಡಬೇಕಾದ ಸಂದರ್ಭಗಳಿರುತ್ತವೆ. 1955ರಲ್ಲಿ ಅಮೆರಿಕದ ಮಿಸಿಸಿಪಿಯಲ್ಲಿ ಬಿಳಿಯರು ಕೊಂದ ಹದಿನಾಲ್ಕು ವರ್ಷದ ಕಪ್ಪು ಬಾಲಕ ಎಮೆಟ್ ಟಿಲ್‌ನ ಶವಪೆಟ್ಟಿಗೆಯನ್ನು ಆತನ ತಾಯಿ ತೆರೆದೇ ಇರಿಸಿದಳು; ವಿರೂಪಗೊಂಡ ಆ ಮುಖದ ಚಿತ್ರವನ್ನು ‘ಜೆಟ್’ ಪತ್ರಿಕೆ ಅಚ್ಚುಮಾಡಿತು. ನಾಗರಿಕ ಹಕ್ಕುಗಳ ಚಳವಳಿಗೆ ಅದು ಬಲ ತುಂಬಿತು. ಮುಕ್ತ ಲಭ್ಯತೆಯನ್ನು ಬೆಂಬಲಿಸುವವರು ಉದಾಹರಿಸುವ ಈ ಪ್ರಸಂಗದಲ್ಲಿ ಅವರು ಬಿಟ್ಟುಬಿಡುವ ಅಂಶವೆಂದರೆ ನಿರ್ಧಾರ ತಾಯಿಯದು ಎಂಬುದು. ಲೋಕ ಅದನ್ನು ಕದ್ದು ನೋಡಲಿಲ್ಲ, ಆಕೆ ತೋರಿಸಿದಳು.

ನಿರ್ಧಾರ ಯಾರದೂ ಅಲ್ಲದಿದ್ದಾಗ ಏನಾಗುತ್ತದೆ ಎಂಬುದಕ್ಕೆ 2018 ಸಾಕ್ಷಿ. ಐದು ವರ್ಷ ಹಿಂದೆ ಸಿರಿಯಾದ ಘೌಟಾದಲ್ಲಿ ರಾಸಾಯನಿಕ ದಾಳಿಗೆ ಬಲಿಯಾದ ಮಕ್ಕಳ ಚಿತ್ರವನ್ನು ಅಂದು ಭಾರತದಲ್ಲಿ ಅಪಹೃತ ಮಕ್ಕಳ ಶವಗಳೆಂದು ವಾಟ್ಸಾಪ್‌ನಲ್ಲಿ ಹಂಚಲಾಯಿತು. ಅಂಥ ವದಂತಿಗಳ ನಡುವೆಯೇ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಗುಂಪು ಕೊಂದುಹಾಕಿತು. ಹೆಸರು, ಊರು, ಕಾಲ ಕಳೆದುಕೊಂಡ ಹಿಂಸೆಯ ಚಿತ್ರ ಯಾವ ಸುಳ್ಳಿಗೆ ಬೇಕಾದರೂ ಸಾಕ್ಷಿಯಾಗಬಲ್ಲದು. ಕಲ್ಲಿನ ಮೇಲಿನ ಅಕ್ಷರಗಳ ಬೆಲೆ ಇಲ್ಲಿ ಅರ್ಥವಾಗುತ್ತದೆ.

ಒಂದೇ ದೃಶ್ಯ ಎರಡು ಬಗೆಯ ಬಾಳು ಬಾಳಬಹುದೆಂಬುದನ್ನು ಹಾಸನದ ಪ್ರಕರಣ ತೋರಿಸಿತು. 2024ರ ಏಪ್ರಿಲ್‌ನಲ್ಲಿ, ಚುನಾವಣೆಯ ಹೊಸ್ತಿಲಲ್ಲಿ, ಮಹಿಳೆಯರ ಮೇಲಿನ ಲೈಂಗಿಕ ದೌರ್ಜನ್ಯದ ದೃಶ್ಯಗಳನ್ನು ಪೆನ್‌ಡ್ರೈವ್‌ಗಳಲ್ಲಿ ತುಂಬಿ ಬೀದಿಯಲ್ಲಿ ಚೆಲ್ಲಲಾಯಿತು. ಅನ್ಯಾಯಕ್ಕೊಳಗಾದ ಹೆಂಗಸರೇ ಮುಖ ಮರೆಸಿಕೊಳ್ಳಬೇಕಾಯಿತು. ದೃಶ್ಯಗಳನ್ನು ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಎ ಕಲಮಿನಡಿ ಅಪರಾಧವೆಂದು ವಿಶೇಷ ತನಿಖಾ ತಂಡ ಎಚ್ಚರಿಸುವ ವೇಳೆಗೆ ಅವು ಊರೂರು ಸುತ್ತಿದ್ದವು. ಇಂಥ ದೃಶ್ಯವೇ ನ್ಯಾಯಾಲಯದಲ್ಲಿ ಸಾಕ್ಷ್ಯಗಳಲ್ಲೊಂದಾದಾಗ, 2025ರ ಆಗಸ್ಟ್‌ನಲ್ಲಿ, ಪ್ರಕರಣವೊಂದರಲ್ಲಿ ಮಾಜಿ ಸಂಸದರಿಗೆ ಜೀವಾವಧಿ ಶಿಕ್ಷೆಯಾಯಿತು. ಬೀದಿಯಲ್ಲಿ ಅದು ಹೆಣ್ಣನ್ನು ಕುಗ್ಗಿಸಿತು, ನ್ಯಾಯಾಲಯದಲ್ಲಿ ಆಕೆಯ ಮಾತಿಗೆ ಬಲ ಕೊಟ್ಟಿತು.

ಕಾನೂನಿನ ಸ್ಥಿತಿಯನ್ನು ಸಂಕ್ಷೇಪವಾಗಿ ನೋಡುವುದಾದರೆ, ಲೈಂಗಿಕ ಅಪರಾಧಗಳಲ್ಲಿ ಸಂತ್ರಸ್ತೆಯ ಗುರುತನ್ನು, ಆಕೆ ಮೃತಳಾಗಿದ್ದರೂ, ಬಹಿರಂಗಪಡಿಸಬಾರದೆಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ವೈದ್ಯೆಯ ಹತ್ಯೆಯ ಸಂದರ್ಭದಲ್ಲಿ ಆಕೆಯ ಹೆಸರು, ಚಿತ್ರಗಳನ್ನು ಜಾಲತಾಣಗಳಿಂದ ತೆಗೆಯಲು ಅದೇ ನ್ಯಾಯಾಲಯ ಆದೇಶಿಸಿತು. 2021ರಲ್ಲಿ ಹೊರಬಂದಾಗ ನಿಯಮಗಳ ಪ್ರಕಾರ ನಗ್ನತೆ ಅಥವಾ ಲೈಂಗಿಕ ಕ್ರಿಯೆಯ ಚಿತ್ರಗಳನ್ನು ದೂರು ಬಂದ 24 ಗಂಟೆಯೊಳಗೆ ತೆಗೆಯಬೇಕಾಗಿತ್ತು. ಇರಿತಕ್ಕೊಳಗಾಗಿ ಬಿದ್ದಿರುವ ದೇಹಕ್ಕೆ ಅಷ್ಟೇ ಸ್ಪಷ್ಟವಾದ ರಕ್ಷಣೆಯಿಲ್ಲ. ಚಿತ್ರದುರ್ಗದ ಯುವಕನ ಪ್ರಕರಣದಲ್ಲಿ ದೋಷಾರೋಪ ಪಟ್ಟಿಯ ವಿವರಗಳನ್ನು ಮಾಧ್ಯಮಗಳು ಪ್ರಕಟಿಸದಂತೆ ರಾಜ್ಯದ ಉಚ್ಚ ನ್ಯಾಯಾಲಯ ತಡೆಯೇನೋ ಒಡ್ಡಿತು. ಆದರೆ ಅರ್ಜಿ ಹಾಕಿದವರು ಆರೋಪಿ, ಆಧಾರ ಅವರ ನ್ಯಾಯಯುತ ವಿಚಾರಣೆಯ ಹಕ್ಕು. ಸತ್ತವನ ಘನತೆಯ ಪರವಾಗಿ ಹಕ್ಕಿನಿಂದ ಕೇಳಬಲ್ಲವರು ಯಾರು ಎಂಬುದು ನಮ್ಮ ಕಾನೂನಿನಲ್ಲಿ ಇನ್ನೂ ಗಟ್ಟಿಯಾಗಿ ನೆಲೆಗೊಂಡಿಲ್ಲ.

ಹಾಗಾದರೆ ಎಲ್ಲವನ್ನೂ ಅಳಿಸಿಹಾಕುವ ಅಧಿಕಾರವನ್ನು ಸರ್ಕಾರಕ್ಕೆ ಒಪ್ಪಿಸಬೇಕೆ? ನನ್ನ ಅಭಿಪ್ರಾಯದಲ್ಲಿ ಕೂಡದು. ಖೈರ್ಲಾಂಜಿಯ ಚಿತ್ರಗಳನ್ನು ಮೊದಲು ಅಳಿಸಲು ಬಯಸುತ್ತಿದ್ದವರು ಯಾರೆಂಬುದನ್ನು ಊಹಿಸುವುದು ಕಷ್ಟವಲ್ಲ. ಚಿತ್ರ ಉಳಿಯಬೇಕು, ತನಿಖೆಗೆ, ನ್ಯಾಯಾಲಯಕ್ಕೆ, ಉದ್ದೇಶವನ್ನು ಬರೆದುಕೊಟ್ಟು ಕೇಳುವ ಪತ್ರಕರ್ತ, ಸಂಶೋಧಕರಿಗೆ ದೊರೆಯಬೇಕು, ಅದರಾಚೆಗೆ ತೋರಿಸುವ ಹಕ್ಕು ಬದುಕುಳಿದವರದು, ಇಲ್ಲವಾದರೆ ಮನೆಯವರದು. ತಪ್ಪಿತಸ್ಥರ ಪತ್ತೆಗೆ ಸಾರ್ವಜನಿಕರ ನೆರವು ಬೇಕಾದಾಗಲೂ ಪೂರ್ಣ ದೃಶ್ಯ ಬೇಕಾಗದು. 2013ರ ನವೆಂಬರ್‌ನಲ್ಲಿ ಬೆಂಗಳೂರಿನ ಎಟಿಎಂ ಒಂದರಲ್ಲಿ ಮಹಿಳೆಯ ಮೇಲೆ ನಡೆದ ಮಚ್ಚಿನ ದಾಳಿಯನ್ನು ದೂರದರ್ಶನ ವಾಹಿನಿಗಳು ದಿನವಿಡೀ ತೋರಿಸಿದವು. 2017ರಲ್ಲಿ ಸಿಕ್ಕಿಬಿದ್ದ ಆರೋಪಿಯನ್ನು ಗುರುತಿಸಲು ಬೇಕಾಗಿದ್ದದ್ದು ಅವನ ಮುಖ; ಆಕೆಯ ಗಾಯವಲ್ಲ.

ಕೊನೆಯದಾಗಿ ನಮ್ಮ ಅಂಗಳದ ಮಾತು. 2009ರ ಯುಜಿಸಿ ನಿಯಮಗಳ ತರುವಾಯ ಪಿಎಚ್.ಡಿ. ಪ್ರಬಂಧಗಳ ಡಿಜಿಟಲ್ ಪ್ರತಿಗಳು ಶೋಧಗಂಗಾದಲ್ಲಿ ಎಲ್ಲರಿಗೂ ತೆರೆದುಕೊಂಡಿವೆ. ದಲಿತ ಸಾಹಿತ್ಯ, ಮಹಿಳಾ ಅಧ್ಯಯನ, ಪತ್ರಿಕಾ ಅಧ್ಯಯನಗಳ ಪ್ರಬಂಧಗಳಲ್ಲಿ ದೌರ್ಜನ್ಯದ ಛಾಯಾಚಿತ್ರಗಳನ್ನು ಅನುಬಂಧವಾಗಿ ಸೇರಿಸುವ ಅಭ್ಯಾಸ ನಮ್ಮಲ್ಲಿದೆ. ಗ್ರಂಥಾಲಯದ ಕಪಾಟಿನಲ್ಲಿದ್ದಾಗ ಹತ್ತು ಜನ ನೋಡುತ್ತಿದ್ದುದನ್ನು ಈಗ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕಳೆದ ವರ್ಷ ಮಾನ್ವಿಯಿಂದ ಬಂದ ಸಂಶೋಧನಾರ್ಥಿಯ ಕರಡಿನಲ್ಲಿ ಇಂಥ ಎರಡು ಚಿತ್ರಗಳಿದ್ದವು. ಕುಟುಂಬದವರನ್ನು ಕೇಳಿದ್ದೀಯಾ ಎಂದಾಗ ಆಕೆ ಪತ್ರಿಕೆಯಲ್ಲಿ ಬಂದದ್ದೇ ತಾನೆ ಸರ ಎಂದಳು. ಚಿತ್ರಗಳನ್ನು ತೆಗೆದು, ಪತ್ರಿಕೆಯ ಹೆಸರು, ದಿನಾಂಕ, ಪುಟ, ಚಿತ್ರದಲ್ಲಿ ಏನಿದೆಯೆಂಬ ಎರಡು ವಾಕ್ಯಗಳನ್ನು ಆ ಜಾಗದಲ್ಲಿ ಬರೆಸಿದೆವು. ವಾದದ ಬಲ ಕುಂದಲಿಲ್ಲ. ದೇವದುರ್ಗದ ಆ ವಿದ್ಯಾರ್ಥಿಗೆ ಕೊಡಬೇಕಾಗಿದ್ದ ಉತ್ತರವನ್ನು ನಾನು ಬರೆದಿಟ್ಟುಕೊಂಡದ್ದು ಆ ಕರಡಿನ ಅಂಚಿನಲ್ಲಿಯೇ: ಕಲ್ಲನ್ನು ನಿಲ್ಲಿಸಿದವರು ತಮ್ಮ ಹೆಸರನ್ನೂ ಅದರ ಮೇಲೆ ಬರೆದಿದ್ದರು.