ವ್ಯೋಮನೌಕೆಯಲ್ಲಿ ಉಸಿರಾಟ

ಧನಕವಡಿಯ ಕನ್ನಡಿಗರಿಗೆ ಖಡಕವಾಸಲಾ ದೂರದ ಊರಲ್ಲ. ಅಲ್ಲಿಯ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಕಲಿತ ರಾಕೇಶ ಶರ್ಮಾ ಅವರು 1984ರ ಏಪ್ರಿಲ್ 3ರಂದು ಸೋವಿಯತ್ ದೇಶದ ಇಬ್ಬರು ಸಂಗಾತಿಗಳೊಡನೆ ಸೋಯುಜ್ ಟಿ-11 ನೌಕೆಯಲ್ಲಿ ಅಂತರಿಕ್ಷಕ್ಕೇರಿದರು. ಮೂವರೂ ಮೊಣಕಾಲು ಮಡಿಸಿಕೊಂಡಿದ್ದ ಆ ಕೋಶದಲ್ಲಿದ್ದ ಅವಕಾಶ ಸುಮಾರು 4 ಘನ ಮೀಟರು, ಎಂದರೆ 4000 ಲೀಟರು ಮಾತ್ರ. ಗಾಳಿಯನ್ನು ಶುದ್ಧಿಗೊಳಿಸುವ ಸಾಧನವು ನಿಂತುಹೋದರೆ ಅಂತಹ ಕೋಶದಲ್ಲಿ ಎಷ್ಟು ಹೊತ್ತು ಬದುಕಿರಬಹುದು?

ಆಮ್ಲಜನಕವು ತೀರಿದಾಗ ಪ್ರಾಣ ಹೋಗುವುದೆಂದು ಜನರು ಭಾವಿಸುವುದು ಸಹಜ. ಲೆಕ್ಕವು ಬೇರೆಯೇ ಹೇಳುತ್ತದೆ. ಲಘು ಚಟುವಟಿಕೆಯಲ್ಲಿರುವ ಮನುಷ್ಯನು ಗಂಟೆಗೆ ಸುಮಾರು 24 ಲೀಟರು ಆಮ್ಲಜನಕವನ್ನು ಬಳಸಿ, 20 ಲೀಟರು ಇಂಗಾಲದ ಡಯಾಕ್ಸೈಡನ್ನು ಹೊರಬಿಡುತ್ತಾನೆ. ಮೂವರಿದ್ದರೆ ಮೂರು ಗಂಟೆ ಇಪ್ಪತ್ತು ನಿಮಿಷಗಳಲ್ಲಿ ಆಮ್ಲಜನಕವು ಶೇಕಡಾ 21ರಿಂದ 15ಕ್ಕೆ ಇಳಿಯುತ್ತದೆ. ಇದೇನೂ ಮಾರಕವಲ್ಲ, ಲೇಹ್ ನಗರದ ತೆಳುಗಾಳಿಯಲ್ಲಿ ಜನರಿಗೆ ದೊರೆಯುವುದು ಇದಕ್ಕಿಂತಲೂ ಕಡಿಮೆ. ಆದರೆ ಅಷ್ಟರಲ್ಲಿ ಇಂಗಾಲದ ಡಯಾಕ್ಸೈಡ್ ಶೇಕಡಾ 5ಕ್ಕೆ ಏರಿರುತ್ತದೆ. ಅದು ರಕ್ತವನ್ನು ಆಮ್ಲೀಯಗೊಳಿಸಿ ಮಿದುಳಿನ ಶ್ವಾಸಕೇಂದ್ರವನ್ನು ಕೆರಳಿಸುತ್ತದೆ. ಏದುಸಿರು, ತೀವ್ರ ತಲೆನೋವು, ಬುದ್ಧಿಭ್ರಮೆಗಳು ತಲೆದೋರುತ್ತವೆ. ಶೇಕಡಾ 10ರಲ್ಲಿ ಪ್ರಜ್ಞೆಯೇ ತಪ್ಪುತ್ತದೆ. (ಈ ಅನಿಲವಾದರೂ ಏದುಸಿರಿನಿಂದ ಎಚ್ಚರಿಸುತ್ತದೆ. ಗಾಳಿಯಾಡದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಉಗುಳಬಹುದಾದ ಇಂಗಾಲದ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಅದು ಉಸಿರುಗಟ್ಟಿದಂತೆಯೂ ಮಾಡುವುದಿಲ್ಲ.)

1970ರ ಏಪ್ರಿಲ್‌ನಲ್ಲಿ ಅಪೋಲೋ-13ರ ಮೂವರು ಯಾತ್ರಿಗಳಿಗೆ ಒದಗಿದ ಸಂಕಟವೂ ಇದೇ. ಆಮ್ಲಜನಕದ ತೊಟ್ಟಿಯೊಂದು ಸಿಡಿದು ಮುಖ್ಯನೌಕೆಯು ನಿರುಪಯುಕ್ತವಾಗಲು, ಅವರು ಇಬ್ಬರಿಗೆ ಎರಡು ದಿನಗಳ ಮಟ್ಟಿಗೆಂದು ರಚಿಸಿದ್ದ ಚಂದ್ರನೌಕೆಯಲ್ಲಿ ಸುಮಾರು ನಾಲ್ಕು ದಿನ ಆಶ್ರಯ ಪಡೆದರು. ಅಲ್ಲಿ ಆಮ್ಲಜನಕ ಸಾಕಷ್ಟಿತ್ತು. ಸಾಲದೆ ಹೋದದ್ದು ಇಂಗಾಲದ ಡಯಾಕ್ಸೈಡನ್ನು ಹೀರುವ ಲಿಥಿಯಂ ಹೈಡ್ರಾಕ್ಸೈಡಿನ ಡಬ್ಬಿಗಳು. ಮುಖ್ಯನೌಕೆಯಲ್ಲಿ ಡಬ್ಬಿಗಳೇನೋ ಇದ್ದವು. ಆದರೆ ಅವು ಚೌಕಾಕಾರ, ಚಂದ್ರನೌಕೆಯ ಗೂಡುಗಳು ದುಂಡು! ಭೂಮಿಯ ಮೇಲಿನ ಎಂಜಿನಿಯರುಗಳು ಹೇಳಿಕೊಟ್ಟಂತೆ ಪ್ಲಾಸ್ಟಿಕ್ ಚೀಲ, ರಟ್ಟು, ಕೊಳವೆ, ಅಂಟುಪಟ್ಟಿಗಳಿಂದ ಯಾತ್ರಿಗಳು ಜೋಡಣೆಯೊಂದನ್ನು ಮಾಡಿಕೊಂಡರು. ವಿಷವಾಯುವಿನ ಮಟ್ಟ ಬೇಗನೆ ಇಳಿಯಿತು; ಮೂವರೂ ಬದುಕಿ ಬಂದರು.

ಡಬ್ಬಿಯಿದ್ದರಷ್ಟೇ ಸಾಲದು, ಗಾಳಿ ಅದರೊಳಗೆ ಹರಿಯಬೇಕು. ಭೂಮಿಯಲ್ಲಿ ಬೆಚ್ಚನೆಯ ನಿಶ್ವಾಸವು ತಾನಾಗಿ ಮೇಲೇರಿ ಹೊಸ ಗಾಳಿಗೆ ಎಡೆ ಮಾಡಿಕೊಡುತ್ತದೆ. ತೂಕವೇ ಇಲ್ಲದ ನೌಕೆಯಲ್ಲಿ ಅದು ಮುಖದ ಸುತ್ತಲೇ ಕವಿದು ನಿಲ್ಲಬಹುದು. ಆದುದರಿಂದ ಗಗನಯಾತ್ರಿಗಳು ಮಲಗುವ ಗೂಡಿನಲ್ಲಿ ರಾತ್ರಿಯಿಡೀ ಫ್ಯಾನು ಗಾಳಿಯಾಡಿಸುತ್ತಿರುತ್ತದೆ.