ಹಿಮ್ಮಡಿ ನೋವಿನಿಂದ ಮತ್ತೆ ಓಟದತ್ತ: ಯಾವ ಶೂ, ಯಾವ ವ್ಯಾಯಾಮ?

ಬೆಳಿಗ್ಗೆ ಹಾಸಿಗೆಯಿಂದಿಳಿದು ಮೊದಲ ಹೆಜ್ಜೆ ಊರಿದ ಕೂಡಲೇ ಹಿಮ್ಮಡಿಗೆ ಮೊಳೆ ಹೊಕ್ಕಂತಾಗುತ್ತದೆ. ಬಚ್ಚಲುಮನೆ ತಲುಪುವಷ್ಟರಲ್ಲಿ ಸ್ವಲ್ಪ ಹಗುರ. ಓಡಲು ಹೋದರೆ ಮೊದಮೊದಲು ನೋವು, ಮೈ ಬಿಸಿಯಾದ ಮೇಲೆ ಮಾಯ. ವಾಸಿಯಾಯಿತು ಅಂದುಕೊಂಡರೆ, ಸಂಜೆ ಕಚೇರಿಯ ಕುರ್ಚಿಯಿಂದ ಏಳುವಾಗ ಮತ್ತೆ ಹಾಜರು. ನೋವು ಹಿಮ್ಮಡಿಯ ತಳದಲ್ಲಿ, ತುಸು ಒಳಬದಿಗೆ, ಹೆಬ್ಬೆರಳಿನಿಂದ ಒತ್ತಿದಾಗ ಒಂದೇ ಜಾಗದಲ್ಲಿ ಸಿಗುತ್ತದೆ ಎಂದಾದರೆ ಅದು ಬಹುತೇಕ ಪ್ಲಾಂಟರ್ ಫ್ಯಾಸಿಯೈಟಿಸ್.

ಹಿಮ್ಮಡಿ ಮೂಳೆಯಿಂದ ಕಾಲ್ಬೆರಳುಗಳ ಬುಡದವರೆಗೆ ಅಂಗಾಲಿನುದ್ದಕ್ಕೂ ಒಂದು ಗಟ್ಟಿ ಪಟ್ಟಿ ಹಾಸಿಕೊಂಡಿದೆ. ಪಾದದ ಕಮಾನನ್ನು ಹಿಡಿದಿಡುವುದು ಮುಖ್ಯವಾಗಿ ಇದೇ. ಹೆಬ್ಬೆರಳು ಮೇಲಕ್ಕೆ ಬಾಗಿದಾಗಲೆಲ್ಲ ಪಟ್ಟಿ ಬಿಗಿದು ಕಮಾನು ಎದ್ದು ನಿಲ್ಲುತ್ತದೆ, ಪಾದ ನೆಲವನ್ನು ತಳ್ಳಲು ಸಜ್ಜಾಗುತ್ತದೆ. ಬ್ರಿಟನ್ನಿನ ಜೆ.ಎಚ್. ಹಿಕ್ಸ್ ಇದನ್ನು 1954ರಲ್ಲೇ ವಿವರಿಸಿದ್ದರು. ಓಟಗಾರರು ಪ್ರತಿ ಹೆಜ್ಜೆಗೂ ಈ ಪಟ್ಟಿಯನ್ನು ಎಳೆಯುತ್ತಾರೆ. ಹೊರೆ ಏಕಾಏಕಿ ಹೆಚ್ಚಿದರೆ ಹಿಮ್ಮಡಿಗೆ ಅಂಟಿಕೊಂಡಿರುವ ಬುಡದಲ್ಲಿ ಅದು ಸವೆಯತೊಡಗುತ್ತದೆ. ತಿಂಗಳುಗಟ್ಟಲೆ ಉಳಿದ ನೋವಿನಲ್ಲಿ ಊತಕ್ಕಿಂತ ಸವೆತದ ಪಾಲೇ ದೊಡ್ಡದು. ಹಾಗಾಗಿ ನೋವಿನ ಮಾತ್ರೆ ನುಂಗಿ ಓಡುವುದರಲ್ಲಿ ಅರ್ಥವಿಲ್ಲ.

ಎಕ್ಸ್‌ರೇ ನೋಡಿ 'ಹಿಮ್ಮಡಿಯಲ್ಲಿ ಮೂಳೆ ಬೆಳೆದಿದೆ' ಎಂದು ಹೇಳಿಸಿಕೊಂಡು ಬಂದವರು ಕಂಗಾಲಾಗುವುದು ಬೇಡ. ಅಂಥ ಮೂಳೆ ಮೊನೆ ಯಾವ ನೋವೂ ಇಲ್ಲದ ಎಷ್ಟೋ ಜನರಲ್ಲಿ ಇರುತ್ತದೆ. ಮೊನೆ ಹಾಗೆಯೇ ಇದ್ದೂ ನೋವು ಪೂರ್ತಿ ಹೋಗುವುದು ಸಾಮಾನ್ಯ.

ಮೊದಲು ಇದು ಅದೇ ನೋವೇ ಎಂದು ಖಾತ್ರಿಪಡಿಸಿಕೊಳ್ಳಿ. ಹಿಮ್ಮಡಿಯನ್ನು ಎರಡೂ ಬದಿಯಿಂದ ಅಂಗೈಯಲ್ಲಿ ಹಿಂಡಿದಾಗ ಜೋರು ನೋವು, ರಾತ್ರಿ ಮಲಗಿದಾಗಲೂ ನೋವು ಇದ್ದರೆ ಮೂಳೆಯಲ್ಲಿ ಕೂದಲೆಳೆಯ ಬಿರುಕು ಇರಬಹುದು. ಉರಿ, ಜೋಮು ಇದ್ದರೆ ನರದ ತೊಂದರೆ ಇದ್ದೀತು. ಎರಡೂ ಹಿಮ್ಮಡಿ ನೋಯುತ್ತಾ, ಬೆಳಿಗ್ಗೆ ಸೊಂಟವೂ ಬಹಳ ಹೊತ್ತು ಬಿಗಿದಿರುತ್ತದೆ ಎಂದಾದರೆ ಸಂಧಿವಾತದ ಪರೀಕ್ಷೆ ಬೇಕು. ಓಡುವಾಗ 'ಟಪ್' ಎಂದು ಸದ್ದಾಗಿ ಅಂಗಾಲು ಕಪ್ಪುಗಟ್ಟಿದರೆ ಅಂದೇ ಆಸ್ಪತ್ರೆಗೆ ಹೋಗಿ.

ಹಂತ 1: ಹೊರೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ

ತಿಂಗಳು ಕಾಲ ಕಾಲು ಚಾಚಿ ಕೂತರೆ ನೋವು ಇಳಿಯುತ್ತದೆ, ನಿಜ. ಆದರೆ ಪಟ್ಟಿಯೂ ಮೀನಖಂಡವೂ ಅಷ್ಟೇ ದುರ್ಬಲವಾಗುತ್ತವೆ. ಮತ್ತೆ ಓಡಿದ ವಾರದಲ್ಲೇ ನೋವು ಮರಳುವುದು ಇದರಿಂದಲೇ. ಮೊದಲು ಕೈಬಿಡಬೇಕಾದದ್ದು ವೇಗದ ಓಟ, ಏರುದಾರಿ, ಸ್ಕಿಪ್ಪಿಂಗ್. ಮೈಸೂರಿನವರು ಚಾಮುಂಡಿ ಬೆಟ್ಟದ ಮೆಟ್ಟಿಲು ಓಟವನ್ನು ಸದ್ಯಕ್ಕೆ ಮರೆತು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯಲಿ. ದಮ್ಮು ಉಳಿಸಿಕೊಳ್ಳಲು ಸೈಕಲ್, ಈಜು ಇವೆ. ನಡೆದಾಡಲೂ ಕುಂಟುವಂತಿದ್ದರೆ ಮಾತ್ರ ಓಟ ಸಂಪೂರ್ಣ ಬಂದ್.

ಹಂತ 2: ಮನೆಯೊಳಗಿನ ನೆಲ

ಓಟಗಾರರು ಹಿಮ್ಮಡಿ ನೋವೆಂದ ತಕ್ಷಣ ಹತ್ತು ಹನ್ನೆರಡು ಸಾವಿರದ ಹೊಸ ಶೂ ನೋಡಲು ಹೊರಡುತ್ತಾರೆ. ಆ ಶೂ ಕಾಲಲ್ಲಿರುವುದು ದಿನಕ್ಕೆ ಒಂದು ಗಂಟೆ. ಉಳಿದ ಹೊತ್ತು? ನಮ್ಮ ಮನೆಗಳಲ್ಲಿ ಪಾದರಕ್ಷೆ ಬಾಗಿಲಾಚೆಯೇ ಉಳಿಯುತ್ತದೆ, ಒಳಗೆ ಗ್ರಾನೈಟ್ ಅಥವಾ ಟೈಲ್ಸ್ ನೆಲ. ಇಪ್ಪತ್ತು ಕಿಲೋಮೀಟರ್ ಓಡಿ ಬಂದು, ಶೂ ಕಳಚಿಟ್ಟು, ಬರಿಗಾಲಲ್ಲಿ ಒಲೆಯ ಮುಂದೆ ಒಂದೂವರೆ ಗಂಟೆ ನಿಲ್ಲುವ ಮಹಿಳೆಯರ ನೋವು ಯಾಕೆ ಇಳಿಯುವುದಿಲ್ಲ ಎಂದು ಬೇರೆ ಹೇಳಬೇಕಿಲ್ಲ. ನನ್ನನ್ನು ಕೇಳಿದರೆ, ದುಬಾರಿ ಶೂಗಿಂತ ಮೊದಲು ಮನೆಯೊಳಗಿನ ಒಂದು ಜೊತೆ ಚಪ್ಪಲಿಗೆ ದುಡ್ಡು ಹಾಕಿ.

ಅದನ್ನು ಮಂಚದ ಪಕ್ಕದಲ್ಲೇ ಇಡಿ. ಮೊದಲ ಹೆಜ್ಜೆ ಬೀಳಬೇಕಾದದ್ದು ಅದರ ಮೇಲೆಯೇ. ಚಪ್ಪಟೆ ಹವಾಯಿ ಚಪ್ಪಲಿ ಪ್ರಯೋಜನವಿಲ್ಲ. ಹಿಮ್ಮಡಿ ತುಸು ಎತ್ತರಕ್ಕಿದ್ದು, ಕಮಾನಿನ ಕೆಳಗೆ ಉಬ್ಬು ಇರಬೇಕು. ಡಾಕ್ಟರುಗಳು ಬರೆದುಕೊಡುವ ಎಂಸಿಆರ್ ಚಪ್ಪಲಿ, ಅಂದರೆ ಮೈಕ್ರೋ ಸೆಲ್ಯುಲರ್ ರಬ್ಬರಿನದು, ಮೆತ್ತಗಿರುತ್ತದೆ, ಅಗ್ಗವೂ ಹೌದು. ಆದರೆ ಹೆಚ್ಚಿನವುಗಳಲ್ಲಿ ಕಮಾನಿಗೆ ಆಧಾರ ಕಡಿಮೆ, ಆರಿಸುವಾಗ ನೋಡಿಕೊಳ್ಳಿ. ಅಡುಗೆಮನೆಗೆ ಚಪ್ಪಲಿ ಬೇಡವೆನ್ನುವ ಹಿರಿಯರಿದ್ದರೆ ಒಲೆಯ ಮುಂದೆ ದಪ್ಪ ರಬ್ಬರ್ ಮ್ಯಾಟ್ ಹಾಸಿ. ದೇವಸ್ಥಾನ, ಮದುವೆಮನೆಯಂಥ ಬರಿಗಾಲಿನ ದಿನಗಳಿಗೆ ಫಿಸಿಯೋಥೆರಪಿಸ್ಟ್ ಬಳಿ ಅಂಗಾಲಿಗೆ ಟೇಪ್ ಸುತ್ತುವುದನ್ನು ಕಲಿತುಕೊಳ್ಳಬಹುದು. ಅದರ ಆರಾಮ ಕೆಲವು ದಿನಗಳದ್ದು ಮಾತ್ರ.

ಹಂತ 3: ಓಟದ ಶೂ

ಅಂಗಡಿಗೆ ಸಂಜೆ ಹೋಗಿ, ಆಗ ಪಾದ ತುಸು ಊದಿರುತ್ತದೆ. ಶೂ ಕೈಗೆತ್ತಿಕೊಂಡು ಮೂರು ಪರೀಕ್ಷೆ ಮಾಡಿ. ಹಿಮ್ಮಡಿಯ ಹಿಂಭಾಗವನ್ನು ಒತ್ತಿ ನೋಡಿ: ಕುಸಿಯಬಾರದು. ಎರಡೂ ತುದಿ ಹಿಡಿದು ಮಡಚಿ: ಬೆರಳು ಬಾಗುವಲ್ಲಿ ಮಾತ್ರ ಬಾಗಬೇಕು. ನಡುವೆಯೇ ಮಡಚಿಕೊಂಡರೆ ಆ ಶೂ ಬೇಡ. ಬಟ್ಟೆ ಹಿಂಡುವಂತೆ ತಿರುಚಿ: ಸುಲಭವಾಗಿ ಸುರುಳಿಯಾಗಬಾರದು. ಅತಿ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನಗಲ ಜಾಗವಿರಲಿ.

ಇನ್ನೊಂದು ಅಂಶವನ್ನು ಅಂಗಡಿಯವರನ್ನೇ ಕೇಳಬೇಕು. ಹಿಮ್ಮಡಿಯ ಅಡಿಭಾಗಕ್ಕೂ ಮುಂಗಾಲಿನ ಅಡಿಭಾಗಕ್ಕೂ ಇರುವ ಎತ್ತರದ ವ್ಯತ್ಯಾಸಕ್ಕೆ ಡ್ರಾಪ್ ಎನ್ನುತ್ತಾರೆ. ಚೇತರಿಕೆಯ ಕಾಲದಲ್ಲಿ 8ರಿಂದ 12 ಮಿಲಿಮೀಟರ್ ಡ್ರಾಪ್ ಇದ್ದರೆ ಒಳ್ಳೆಯದು. ಮೀನಖಂಡದ ಎಳೆತ ತಗ್ಗಿ, ಅದರೊಂದಿಗೆ ಅಂಗಾಲಿನ ಎಳೆತವೂ ತಗ್ಗುತ್ತದೆ. ಮುಂಭಾಗದ ಅಡಿ ತೊಟ್ಟಿಲಿನಂತೆ ಮೇಲಕ್ಕೆ ಬಾಗಿದ ಶೂಗಳಲ್ಲಿ ಹೆಬ್ಬೆರಳು ಹೆಚ್ಚು ಬಾಗಬೇಕಿಲ್ಲ, ಅವೂ ಕೆಲವರಿಗೆ ಹಿತ. ತೆಳು ಅಡಿಯ ಬೇರ್‌ಫೂಟ್ ಮಾದರಿಗೆ ಇದು ಕಾಲವಲ್ಲ. ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದದ್ದನ್ನು ಎಲ್ಲರೂ ಹೇಳುತ್ತಾರೆ. 1964ರ ಟೋಕಿಯೋದಲ್ಲಿ ಅವರು ಗೆದ್ದದ್ದು ಶೂ ಹಾಕಿಕೊಂಡೇ.

ಹಳೆಯ ಶೂ 500ರಿಂದ 800 ಕಿಲೋಮೀಟರ್ ದಾಟಿದ್ದರೆ ನಿವೃತ್ತಿ ಕೊಡಿ. ಮೇಲ್ಭಾಗ ಹೊಸದರಂತೆ ಕಂಡರೂ ಅಡಿಯ ಫೋಮ್ ಸತ್ತಿರುತ್ತದೆ. ಒಳಗೆ ಹಾಕುವ ಇನ್‌ಸೋಲ್‌ಗಾಗಿ ಪಾದದ ಅಚ್ಚು ತೆಗೆಸಿ ಸಾವಿರಾರು ರೂಪಾಯಿ ಸುರಿಯುವ ಮೊದಲು ಸಿದ್ಧ ಇನ್‌ಸೋಲ್ ಬಳಸಿ ನೋಡಿ. ಆಸ್ಟ್ರೇಲಿಯಾದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವರ್ಷದ ಕೊನೆಗೆ ಎರಡರ ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಂಡಿರಲಿಲ್ಲ.

ಹಂತ 4: ವ್ಯಾಯಾಮ

ಶೂ ಮಾಡುವುದು ಪಟ್ಟಿಯ ಮೇಲಿನ ಹೊರೆ ತಗ್ಗಿಸುವ ಕೆಲಸ. ಪಟ್ಟಿಗೆ ಹೊರೆ ತಾಳುವ ಶಕ್ತಿ ಬರುವುದು ವ್ಯಾಯಾಮದಿಂದ ಮಾತ್ರ.

ಮೊದಲನೆಯದನ್ನು ಬೆಳಿಗ್ಗೆ ಮಂಚದ ಮೇಲೆ ಕುಳಿತಲ್ಲೇ ಮಾಡಬೇಕು, ನೆಲಕ್ಕೆ ಕಾಲಿಡುವ ಮುನ್ನ. ನೋವಿರುವ ಕಾಲನ್ನು ಇನ್ನೊಂದರ ತೊಡೆಯ ಮೇಲಿಟ್ಟು, ಬೆರಳುಗಳ ಬುಡ ಹಿಡಿದು ಮೊಣಕಾಲ ಕಡೆಗೆ ಎಳೆಯಿರಿ. ಅಂಗಾಲಿನ ಪಟ್ಟಿ ತಂತಿಯಂತೆ ಬಿಗಿಯುವುದು ಇನ್ನೊಂದು ಕೈಗೆ ತಿಳಿಯಬೇಕು. 10 ಸೆಕೆಂಡ್ ಹಿಡಿದು ಬಿಡಿ, ಹೀಗೆ 10 ಸಲ. ದಿನಕ್ಕೆ ಮೂರು ಹೊತ್ತು. ತುಂಬ ಹೊತ್ತು ಕುಳಿತು ಏಳುವ ಮೊದಲೂ ಮಾಡಿ.

ಎರಡನೆಯದು ಮೀನಖಂಡಕ್ಕೆ. ಗೋಡೆಗೆ ಕೈ ಕೊಟ್ಟು, ಹಿಂದಿನ ಕಾಲಿನ ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ವಾಲಿ, 30 ಸೆಕೆಂಡ್ ನಿಲ್ಲಿ. ಒಮ್ಮೆ ಮಂಡಿ ನೇರವಾಗಿರಲಿ, ಇನ್ನೊಮ್ಮೆ ತುಸು ಬಾಗಿರಲಿ. ಒಳಗಿನ ಸ್ನಾಯು ಎಳೆಯಲ್ಪಡುವುದು ಮಂಡಿ ಬಾಗಿದಾಗಲೇ.

ಮೂರನೆಯದೇ ನಿಜವಾದ ಮದ್ದು. ಡೆನ್ಮಾರ್ಕಿನ ಮೈಕೆಲ್ ರಾಥ್ಲೆಫ್ ಮತ್ತು ಸಂಗಡಿಗರು 48 ರೋಗಿಗಳ ಮೇಲೆ ಪರೀಕ್ಷಿಸಿದ ಕ್ರಮ ಇದು: ಮೂರು ತಿಂಗಳಲ್ಲಿ, ಬರೀ ಎಳೆತದ ವ್ಯಾಯಾಮ ಮಾಡಿದವರಿಗಿಂತ ಇದನ್ನು ಮಾಡಿದವರು ಚೆನ್ನಾಗಿ ಚೇತರಿಸಿಕೊಂಡಿದ್ದರು. ವರ್ಷದ ಹೊತ್ತಿಗೆ ಇಬ್ಬರೂ ಸಮವಾಗಿದ್ದರೆಂಬುದನ್ನೂ ಹೇಳಬೇಕು. ಆದರೆ ಓಟಗಾರನಿಗೆ ಆ ತಿಂಗಳುಗಳ ಬೆಲೆ ಗೊತ್ತು. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲು ಊರಿ ನಿಲ್ಲಿ, ಹಿಮ್ಮಡಿ ಗಾಳಿಯಲ್ಲಿರಲಿ. ಸುರುಳಿ ಸುತ್ತಿದ ಟವೆಲನ್ನು ಕಾಲ್ಬೆರಳುಗಳ ಕೆಳಗಿಡಿ. ಹಿಕ್ಸ್ ಹೇಳಿದ ಬಿಗಿತ ಬರಬೇಕಾದರೆ ಬೆರಳುಗಳು ಮೇಲಕ್ಕೆ ಬಾಗಿರಲೇಬೇಕು. ಟವೆಲ್ ಇಲ್ಲದಿದ್ದರೆ ಇದು ಮಾಮೂಲಿ ಮೀನಖಂಡದ ವ್ಯಾಯಾಮವಷ್ಟೆ. ಕಟಕಟೆ ಹಿಡಿದು, ಒಂದೇ ಕಾಲಲ್ಲಿ 3 ಸೆಕೆಂಡ್ ಏರಿ, ಮೇಲೆ 2 ಸೆಕೆಂಡ್ ನಿಂತು, 3 ಸೆಕೆಂಡ್‌ನಲ್ಲಿ ಇಳಿಯಿರಿ. 12 ಸಲಕ್ಕೆ ಕಾಲು ಸೋಲಬೇಕು. ಅಂಥ ಮೂರು ಸುತ್ತು, ದಿನ ಬಿಟ್ಟು ದಿನ. ಒಂದೇ ಕಾಲಲ್ಲಿ ಆಗದವರು ಎರಡರಿಂದ ಶುರುಮಾಡಲಿ. ಎರಡು ವಾರದ ನಂತರ ಬೆನ್ನಿಗೆ ಬ್ಯಾಗ್ ಏರಿಸಿ, ಅದರೊಳಗೆ ಪುಸ್ತಕ ತುಂಬಿ, 10 ಸಲದ ನಾಲ್ಕು ಸುತ್ತು. ನಾಲ್ಕು ವಾರ ಕಳೆದ ಮೇಲೆ ಭಾರ ಇನ್ನೂ ಹೆಚ್ಚಿಸಿ 8 ಸಲದ ಐದು ಸುತ್ತು. ಮಾಡುವಾಗ ತುಸು ನೋವಾದರೆ ಹೆದರಬೇಡಿ, ಮರುದಿನ ಬೆಳಗಿನ ಮೊದಲ ಹೆಜ್ಜೆ ಹಿಂದಿನ ದಿನಕ್ಕಿಂತ ಕೆಟ್ಟಿದ್ದರೆ ಭಾರ ಇಳಿಸಿ.

ನೀರಿನ ಬಾಟಲಿಯನ್ನು ಫ್ರೀಜರಿನಲ್ಲಿಟ್ಟು ಅಂಗಾಲಲ್ಲಿ ಉರುಳಿಸುವುದು ಆ ಹೊತ್ತಿನ ಉಪಶಮನಕ್ಕೆ ಸರಿ. ಮಧುಮೇಹದಿಂದ ಪಾದದ ಸ್ಪರ್ಶ ಕುಂದಿದವರು ಇದನ್ನು ಮಾಡಕೂಡದು.

ಹಂತ 5: ಮತ್ತೆ ಓಟ

ಅರ್ಧ ಗಂಟೆ ಬಿರುಸಾಗಿ ನಡೆದು, ಅಂದೂ ಮರುದಿನವೂ ನೋವು ಹೆಚ್ಚಾಗದಿದ್ದರೆ ನೀವು ತಯಾರು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹತ್ತು ಸಲ. ದಿನ ಬಿಟ್ಟು ದಿನ, ಸಮತಟ್ಟಾದ ಮಣ್ಣಿನ ದಾರಿಯಲ್ಲಿ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನ ಒಳದಾರಿಗಳಿವೆ. ಹತ್ತಕ್ಕೆ ಮೂರರೊಳಗಿನ ನೋವು ಸಹ್ಯ, ಆದರೆ 24 ಗಂಟೆಯೊಳಗೆ ಅದು ಮೊದಲಿನ ಮಟ್ಟಕ್ಕೆ ಇಳಿಯಬೇಕು. ಮೊದಲು ಸಮಯ ಹೆಚ್ಚಿಸಿ, ಆಮೇಲೆ ದೂರ, ಕಟ್ಟಕಡೆಗೆ ವೇಗ ಮತ್ತು ಏರು. ಉದ್ದ ಹೆಜ್ಜೆ ಹಾಕುವವರು ಹೆಜ್ಜೆ ಚಿಕ್ಕದು ಮಾಡಿ ನಿಮಿಷದ ಹೆಜ್ಜೆಗಳನ್ನು ಶೇ 5ರಷ್ಟು ಹೆಚ್ಚಿಸಿಕೊಂಡರೆ ಪ್ರತಿ ಹೆಜ್ಜೆಯ ಹೊರೆ ತಗ್ಗುತ್ತದೆ.

ರೇಸ್ ಹತ್ತಿರ ಬಂತೆಂದು ಸ್ಟೀರಾಯ್ಡ್ ಇಂಜೆಕ್ಷನ್ ಕೇಳುವವರಿದ್ದಾರೆ. ಅದು ಕೆಲವು ವಾರ ನೋವು ಮರೆಸುತ್ತದೆ. ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ಸವೆಯುವ ಅಪಾಯವೂ ಅದರೊಂದಿಗಿದೆ. ಇಂಜೆಕ್ಷನ್ ಚುಚ್ಚಿಸಿಕೊಂಡು ರೇಸ್ ಓಡುವುದು ಶುದ್ಧ ಅವಿವೇಕ. ಶಸ್ತ್ರಚಿಕಿತ್ಸೆಯಿಲ್ಲದೆಯೇ ಬಹುಪಾಲು ಜನ ವರ್ಷದೊಳಗೆ ಗುಣವಾಗುತ್ತಾರೆ. ಆರು ವಾರ ತಪ್ಪದೆ ವ್ಯಾಯಾಮ ಮಾಡಿಯೂ ಬೆಳಗಿನ ನೋವು ಕದಲದಿದ್ದರೆ ಮೂಳೆ ತಜ್ಞರನ್ನೋ ಫಿಸಿಯೋಥೆರಪಿಸ್ಟರನ್ನೋ ಕಾಣಿ. ಹೋಗುವಾಗ ಹಳೆಯ ಓಟದ ಶೂ ಮತ್ತು ಮನೆಯ ಚಪ್ಪಲಿ ಎರಡನ್ನೂ ಜೊತೆಗೆ ಒಯ್ಯಿರಿ. ಅಡಿ ಎಲ್ಲಿ ಸವೆದಿದೆ ಎಂಬುದನ್ನು ಅವರು ನೋಡಲಿ.